ಅಟ್ಟೆಮೊಳೆಯ ಸಾಕ್ಷ್ಯ: ರೋಮನ್ ಸೈನಿಕ ಪಾದರಕ್ಷೆಯ ಪ್ರತಿಕೃತಿ, ಅದರ ಆಕರ ಮತ್ತು ಆರೈಕೆ

ರೋಮನ್ ಸೈನ್ಯದ ಚರಿತ್ರೆಯನ್ನು ಬರೆದವರು ಅದರ ಖಡ್ಗ, ಗುರಾಣಿ, ಕವಚಗಳಿಗೆ ಮೀಸಲಿಟ್ಟಷ್ಟು ಪುಟಗಳನ್ನು ಅದರ ಪಾದರಕ್ಷೆಗೆ ಮೀಸಲಿಟ್ಟಿಲ್ಲ. ಆದರೆ ಆ ಸೈನ್ಯವು ಕಾದಿದ ದಿನಗಳಿಗಿಂತ ನಡೆದ ದಿನಗಳೇ ಹೆಚ್ಚು. ಸೈನಿಕ ಶಿಕ್ಷಣವನ್ನು ಕುರಿತು ಬರೆದ ವೆಜಿಷಿಯಸ್, ಹೊಸದಾಗಿ ಸೇನೆಗೆ ಸೇರಿದವನು ಬೇಸಗೆಯ ಐದು ತಾಸುಗಳಲ್ಲಿ ಇಪ್ಪತ್ತು ರೋಮನ್ ಮೈಲಿ, ಅಂದರೆ ಸುಮಾರು 30 ಕಿ.ಮೀ. ದೂರವನ್ನು ಕ್ರಮಿಸಲು ಕಲಿಯಬೇಕೆಂದು ವಿಧಿಸುತ್ತಾನೆ. ಈ ನಡಿಗೆಯ ಭಾರವೆಲ್ಲ ಕೊನೆಗೆ ಬೀಳುತ್ತಿದ್ದುದು ಕೆಲವು ಪದರ ಚರ್ಮದ ಮೇಲೆ ಮತ್ತು ಅದಕ್ಕೆ ಬಡಿದ ಕಬ್ಬಿಣದ ಮೊಳೆಗಳ ಮೇಲೆ.

ಕ್ರಿ.ಶ. 70ರ ಜೆರೂಸಲೇಮ್ ಮುತ್ತಿಗೆಯನ್ನು ವರ್ಣಿಸುವಾಗ ಇತಿಹಾಸಕಾರ ಜೋಸೆಫಸ್ ಒಂದು ಘಟನೆಯನ್ನು ದಾಖಲಿಸಿದ್ದಾನೆ. ಬಿಥೀನಿಯ ಪ್ರಾಂತದ ಜೂಲಿಯಾನಸ್ ಎಂಬ ಶತಾಧಿಪತಿಯು ಒಬ್ಬಂಟಿಯಾಗಿ ಮುನ್ನುಗ್ಗಿ ಎದುರಾಳಿಗಳನ್ನು ದೇವಾಲಯದ ಒಳಮೂಲೆಯವರೆಗೆ ಹಿಮ್ಮೆಟ್ಟಿಸಿದನು. ಉಳಿದ ಸೈನಿಕರಂತೆ ಅವನ ಪಾದರಕ್ಷೆಗೂ ಮೊಳೆಗಳನ್ನು ದಟ್ಟವಾಗಿ ಬಡಿಯಲಾಗಿತ್ತು. ಕಲ್ಲುಹಾಸಿನ ಮೇಲೆ ಓಡುತ್ತಿದ್ದಾಗ ಕಾಲು ಜಾರಿತು. ಕವಚದ ಸದ್ದಿನೊಡನೆ ಅವನು ಅಂಗಾತ ಬಿದ್ದನು. ಓಡಿಹೋಗುತ್ತಿದ್ದವರು ಹಿಂದಿರುಗಿ ಅವನನ್ನು ಕೊಂದರು. ಗುಡ್ಡಗಾಡಿನಲ್ಲಿಯೂ ಕೆಸರಿನಲ್ಲಿಯೂ ಕಾಲಿಗೆ ಹಿಡಿತ ಕೊಡುತ್ತಿದ್ದ ಮೊಳೆಯೇ ನುಣುಪಾದ ಕಲ್ಲಿನ ಮೇಲೆ ಮೃತ್ಯುವಾಯಿತು. ಇದು ಕೇವಲ ಸ್ವಾರಸ್ಯಕ್ಕಾಗಿ ಹೇಳಿದ ಪ್ರಸಂಗವೇ ಅಥವಾ ಆ ಪಾದರಕ್ಷೆಯ ನಿಜ ಗುಣವೇ ಎಂಬ ಪ್ರಶ್ನೆಗೆ ಗ್ರಂಥದಿಂದ ಮಾತ್ರವೇ ಉತ್ತರ ದೊರೆಯದು. ಅಂತಹ ಪಾದರಕ್ಷೆಯನ್ನು ಮತ್ತೆ ತಯಾರಿಸಿ, ತೊಟ್ಟು, ನಡೆದು ನೋಡಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಯುರೋಪಿನಲ್ಲಿ ಇಂತಹ ಪ್ರತಿಕೃತಿಗಳ ತಯಾರಿಕೆ ಒಂದು ಅಧ್ಯಯನ ವಿಧಾನವಾಗಿ ಬೆಳೆದಿದೆ. ಪ್ರತಿಕೃತಿಯು ಯಾವ ಆಕರಗಳಿಂದ ರೂಪುಗೊಳ್ಳುತ್ತದೆ, ಅದನ್ನು ಹೇಗೆ ಕಾಪಾಡಲಾಗುತ್ತದೆ, ಯಾವ ಸಂದರ್ಭದಲ್ಲಿ ಅದು ಚರಿತ್ರೆಗೆ ಸಾಕ್ಷಿಯಾಗುತ್ತದೆ ಮತ್ತು ಯಾವಾಗ ಚರಿತ್ರೆಯ ದಾರಿ ತಪ್ಪಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಹೆಸರು ಮತ್ತು ವಸ್ತು

ರೋಮನ್ ಸೈನಿಕರ ಮೊಳೆಯುಳ್ಳ ಪಾದರಕ್ಷೆಗೆ ಲ್ಯಾಟಿನ್ ಭಾಷೆಯಲ್ಲಿ ‘ಕಲಿಗ’ ಎಂದು ಹೆಸರು. ಇದನ್ನು ತೊಟ್ಟವನೆಂಬ ಅರ್ಥದ ಪದವೇ ಸಾಮಾನ್ಯ ಸೈನಿಕನನ್ನು ಸೂಚಿಸುವ ಪದವಾಗಿ ಬಳಕೆಗೆ ಬಂದಿತು. ಜರ್ಮಾನಿಕಸ್ ಎಂಬ ದಂಡನಾಯಕನ ಮಗ ಗಾಯಸ್ ಶಿಶುವಾಗಿದ್ದಾಗ ಸೈನ್ಯದ ಪಾಳೆಯದಲ್ಲಿ ಬೆಳೆದನು. ಸೈನಿಕರ ಮೆಚ್ಚುಗೆ ಗಳಿಸಲು ಅವನಿಗೆ ಪುಟ್ಟ ಕಲಿಗಗಳನ್ನು ತೊಡಿಸುತ್ತಿದ್ದರೆಂದೂ ಆದ್ದರಿಂದಲೇ ಅವನಿಗೆ ‘ಕಲಿಗುಲ’ ಎಂಬ ಅಡ್ಡಹೆಸರು ಬಂದಿತೆಂದೂ ಟ್ಯಾಸಿಟಸ್ ತಿಳಿಸುತ್ತಾನೆ. ಮುಂದೆ ಚಕ್ರವರ್ತಿಯಾದ ಮೇಲೂ ಚರಿತ್ರೆಯಲ್ಲಿ ಅವನಿಗೆ ಉಳಿದದ್ದು ಪಾಳೆಯದ ಆ ಹೆಸರೇ. ಪದದ ನಿಷ್ಪತ್ತಿಯನ್ನು ಕುರಿತು ಬರೆದ ಸೆವಿಲ್ಲೆಯ ಇಸಿಡೋರ್, ಗಟ್ಟಿ ಚರ್ಮ ಎಂಬರ್ಥದ ಪದದಿಂದ ಇಲ್ಲವೇ ‘ಕಟ್ಟು’ ಎಂಬರ್ಥದ ಧಾತುವಿನಿಂದ ಅದು ಬಂದಿರಬಹುದೆಂದು ಊಹಿಸಿದ್ದಾನೆ.

ಕ್ರಿ.ಶ. ಒಂದನೆಯ ಶತಮಾನದ ಕಲಿಗದ ರಚನೆಯನ್ನು ಹೀಗೆ ಸಂಗ್ರಹಿಸಬಹುದು. ಅದರಲ್ಲಿ ಮೂರು ಪದರಗಳಿವೆ. ನೆಲಕ್ಕೆ ತಾಗುವುದು ದಪ್ಪ ಅಟ್ಟೆ. ಪಾದಕ್ಕೆ ತಾಗುವುದು ಒಳಪದರ. ಇವೆರಡರ ನಡುವೆ ಒಂದೇ ತುಂಡು ಚರ್ಮದಿಂದ ಕತ್ತರಿಸಿದ ಮಧ್ಯಪದರ. ಈ ಮಧ್ಯಪದರದ ಅಂಚುಗಳೇ ಬಲೆಯಂತೆ ಸೀಳಿದ ಪಟ್ಟಿಗಳಾಗಿ ಮೇಲಕ್ಕೆದ್ದು ಪಾದವನ್ನು ಸುತ್ತುತ್ತವೆ. ಹಿಮ್ಮಡಿಯಲ್ಲಿ ಹೊಲಿಗೆ, ಪಾದದ ಮೇಲ್ಭಾಗದ ನಡುವಿನಿಂದ ಕಣಕಾಲಿನವರೆಗೆ ಬಾರಿನ ಕಟ್ಟು. ಮೂರೂ ಪದರಗಳನ್ನು ಬಿಗಿಯಾಗಿ ಹಿಡಿದಿಡುವುದು ಅಟ್ಟೆಮೊಳೆಗಳು. ಕೆಳಗಿನಿಂದ ಬಡಿದ ಮೊಳೆಯ ತುದಿಯನ್ನು ಒಳಗೆ ಕೊಕ್ಕೆಯಂತೆ ಮಡಿಸಿ ಚರ್ಮದಲ್ಲಿ ಹುದುಗಿಸಲಾಗುತ್ತಿತ್ತು.

ಇಲ್ಲಿ ಹೆಸರು ಮತ್ತು ವಸ್ತುಗಳ ನಡುವಿನ ಅಂತರವನ್ನು ಗಮನಿಸುವುದು ಅವಶ್ಯಕ. ಕ್ರಿ.ಶ. 301ರಲ್ಲಿ ಡಯೊಕ್ಲಿಷಿಯನ್ ಹೊರಡಿಸಿದ ಬೆಲೆನಿಯಂತ್ರಣ ಶಾಸನದಲ್ಲಿ ಮೊಳೆರಹಿತವಾದ ಸೈನಿಕ ಕಲಿಗಕ್ಕೆ 100 ಡಿನೇರಿಯಸ್, ಹೇಸರಗತ್ತೆ ಹೊಡೆಯುವವರ ಅಥವಾ ಹೊಲದಲ್ಲಿ ದುಡಿಯುವವರ ಮೊದಲ ದರ್ಜೆಯ ಕಲಿಗಕ್ಕೆ, ಅದೂ ಮೊಳೆರಹಿತವಾದುದಕ್ಕೆ, 120 ಡಿನೇರಿಯಸ್ ಎಂದು ಗರಿಷ್ಠ ಬೆಲೆಯನ್ನು ನಿಗದಿಪಡಿಸಲಾಗಿದೆ. ಆದರೆ ಬಲೆಯಂತೆ ಸೀಳಿದ ತೆರೆದ ಕಲಿಗವು ಎರಡನೆಯ ಶತಮಾನದ ಆರಂಭದ ವೇಳೆಗೆ ವಾಯವ್ಯ ಪ್ರಾಂತಗಳಲ್ಲಿ ಬಹುಮಟ್ಟಿಗೆ ಮರೆಯಾಗಿ, ಪಾದವನ್ನು ಪೂರ್ತಿ ಮುಚ್ಚುವ ಬೂಟುಗಳು ರೂಢಿಗೆ ಬಂದಿದ್ದವು. ವಸ್ತು ಬದಲಾದರೂ ಹೆಸರು ಉಳಿಯಿತು. ಆದ್ದರಿಂದ ‘ಕಲಿಗ’ ಎಂಬ ಪದ ಕಂಡಲ್ಲೆಲ್ಲ ಒಂದೇ ಬಗೆಯ ಪಾದರಕ್ಷೆಯನ್ನು ಕಲ್ಪಿಸಿಕೊಳ್ಳುವುದು ಪ್ರತಿಕೃತಿ ತಯಾರಕರು ಮಾಡುವ ಮೊದಲ ತಪ್ಪಾಗುತ್ತದೆ. ಮೂರನೆಯ ಶತಮಾನದ ಕವಚದೊಡನೆ ಒಂದನೆಯ ಶತಮಾನದ ಕಲಿಗವನ್ನು ತೊಡಿಸಿ ನಿಲ್ಲಿಸಿದ ಪ್ರದರ್ಶನ ಬೊಂಬೆಯು ಯಾವ ಕಾಲದಲ್ಲಿಯೂ ಬದುಕಿರದ ಸೈನಿಕನನ್ನು ತೋರಿಸುತ್ತದೆ.

ಲೆಕ್ಕಪತ್ರಗಳಲ್ಲಿ ಪಾದರಕ್ಷೆ

ಪಾದರಕ್ಷೆಯು ಸೈನಿಕನಿಗೆ ಒಮ್ಮೆ ದೊರೆತು ಬಾಳಿನುದ್ದಕ್ಕೂ ಉಳಿಯುವ ಆಯುಧದಂತಿರಲಿಲ್ಲ; ಅದು ಮತ್ತೆ ಮತ್ತೆ ಬರುವ ಖರ್ಚಾಗಿತ್ತು. ಇದಕ್ಕೆ ಎರಡು ದಾಖಲೆಗಳು ನೇರ ಸಾಕ್ಷಿಯಾಗಿವೆ. ಈಜಿಪ್ಟಿನಲ್ಲಿ ದೊರೆತು ಈಗ ಜಿನೀವಾದಲ್ಲಿರುವ, ಕ್ರಿ.ಶ. 81ಕ್ಕೆ ಸಂಬಂಧಿಸಿದ ಪಪೈರಸ್ ಪತ್ರವೊಂದರಲ್ಲಿ ಇಬ್ಬರು ಸೈನಿಕರ ವೇತನದ ಲೆಕ್ಕವಿದೆ. ವರ್ಷದ ಮೂರು ಕಂತುಗಳಲ್ಲಿ ಪ್ರತಿಯೊಂದರಲ್ಲಿಯೂ ಸುಮಾರು 248 ಡ್ರಾಕ್ಮ ವೇತನ ಸಂದಾಯವಾಗಿ, ಅದರಿಂದ ಆಹಾರಕ್ಕೆ 80, ಪಾದರಕ್ಷೆ ಮತ್ತು ಕಾಲುಪಟ್ಟಿಗಳಿಗೆ 12 ಡ್ರಾಕ್ಮ ಮುರಿದುಕೊಳ್ಳಲಾಗಿದೆ. ಅಂದರೆ ಒಟ್ಟು ವೇತನದಲ್ಲಿ ಶೇಕಡಾ 5ರಷ್ಟು ಕಾಲಿಗೇ ಹೋಗುತ್ತಿತ್ತು. ಕಡಿತವು ವರ್ಷಕ್ಕೆ ಮೂರು ಬಾರಿ ತಪ್ಪದೆ ಬರುತ್ತಿತ್ತು.

ಮಸಾಡ ದುರ್ಗದಲ್ಲಿ ದೊರೆತ, ಕ್ರಿ.ಶ. 70ರ ದಶಕದ ಇನ್ನೊಂದು ಪಪೈರಸ್ ಪತ್ರವು ಬೈರೂತಿನ ಗಾಯಸ್ ಮೆಸ್ಸಿಯಸ್ ಎಂಬ ಸೈನಿಕನದು. ಅವನ ಒಂದು ಕಂತಿನ 50 ಡಿನೇರಿಯಸ್‌ಗಳು ಹೀಗೆ ವೆಚ್ಚವಾಗಿವೆ: ಬಾರ್ಲಿಗೆ 16, ಊಟಕ್ಕೆ 20, ಪಾದರಕ್ಷೆಗೆ 5, ಚರ್ಮದ ಬಾರುಗಳಿಗೆ 2, ನಾರಿನ ಅಂಗಿಗೆ 7. ಕೂಡಿದರೆ ಸರಿಯಾಗಿ 50; ಸೈನಿಕನ ಕೈಯಲ್ಲಿ ಉಳಿದದ್ದು ಏನೂ ಇಲ್ಲ. ಪಾದರಕ್ಷೆಯೊಂದಕ್ಕೇ ಕಂತಿನ ಹತ್ತನೆಯ ಒಂದು ಭಾಗ ಹೋಗಿದೆ. ಬಾರುಗಳಿಗೆ ಬೇರೆಯೇ ಲೆಕ್ಕ ಬರೆದಿರುವುದೂ ಅರ್ಥಪೂರ್ಣವಾಗಿದೆ.

ಸಾಹಿತ್ಯಕ ಆಕರಗಳೂ ಇದನ್ನೇ ಸೂಚಿಸುತ್ತವೆ. ಓಸ್ಟಿಯ ಮತ್ತು ಪುಟಿಯೋಲಿ ಬಂದರುಗಳಿಂದ ರೋಮಿಗೆ ಸರದಿಯಂತೆ ಕಾಲ್ನಡಿಗೆಯಲ್ಲಿ ಬರುತ್ತಿದ್ದ ನೌಕಾದಳದವರು ಪಾದರಕ್ಷೆಯ ಭತ್ಯೆಯನ್ನು ಬೇಡಿದರು. ಚಕ್ರವರ್ತಿ ವೆಸ್ಪಾಸಿಯನ್ ಭತ್ಯೆಯನ್ನು ಕೊಡುವುದಿರಲಿ, ಇನ್ನು ಮುಂದೆ ಬರಿಗಾಲಿನಲ್ಲಿಯೇ ಓಡಬೇಕೆಂದು ಅವರಿಗೆ ಆಜ್ಞಾಪಿಸಿದನೆಂದು ಸ್ಯೂಟೋನಿಯಸ್ ಬರೆಯುತ್ತಾನೆ. ಕ್ರಿ.ಶ. 69ರ ಅಂತರ್ಯುದ್ಧದ ವೇಳೆಯಲ್ಲಿ ಸೈನಿಕರು ‘ಮೊಳೆ ಹಣ’ ಎಂಬರ್ಥದ ಹೆಸರಿನ ಇನಾಮನ್ನು ಕೇಳಿದ ಸಂಗತಿ ಟ್ಯಾಸಿಟಸ್‌ನ ಗ್ರಂಥದಲ್ಲಿದೆ. ಅಟ್ಟೆಗೆ ಬಡಿಯುವ ಮೊಳೆಯ ಹೆಸರಿನಲ್ಲಿಯೇ ಇನಾಮು ಏರ್ಪಡುವಷ್ಟು ಆ ಖರ್ಚು ಪರಿಚಿತವಾಗಿತ್ತೆಂದು ಇದರಿಂದ ತಿಳಿಯುತ್ತದೆ. ಡಯೊಕ್ಲಿಷಿಯನ್ನನ ಶಾಸನದಲ್ಲಿ ಪಾದರಕ್ಷೆಯ ಬೆಲೆಯನ್ನು ‘ಮೊಳೆರಹಿತ’ ಎಂದು ಸ್ಪಷ್ಟಪಡಿಸಿರುವುದಕ್ಕೂ ಕಾರಣ ಇಲ್ಲಿಯೇ ಇದೆ. ಮೊಳೆ ಬೇರೆ ಸರಕು, ಬೇರೆ ವೆಚ್ಚ.

ಬ್ರಿಟನ್ನಿನ ಉತ್ತರ ಗಡಿಯ ವಿಂಡೊಲಾಂಡ ಕೋಟೆಯಲ್ಲಿ 1973ರಿಂದ ದೊರೆಯುತ್ತಿರುವ ಮರದ ತೆಳು ಹಲಗೆಯ ಪತ್ರಗಳು ಈ ಚಿತ್ರವನ್ನು ಪೂರ್ಣಗೊಳಿಸುತ್ತವೆ. ಒಂದು ದಿನದ ಕೆಲಸದ ಹಂಚಿಕೆಯನ್ನು ತಿಳಿಸುವ ಪತ್ರದಲ್ಲಿ ಕಾರ್ಯಾಗಾರಗಳಿಗೆ ನಿಯುಕ್ತರಾದ 343 ಮಂದಿಯ ಪೈಕಿ 12 ಮಂದಿ ಪಾದರಕ್ಷೆ ತಯಾರಕರು. ಆಕ್ಟೇವಿಯಸ್ ಎಂಬವನು ಕ್ಯಾಂಡಿಡಸ್‌ಗೆ ಬರೆದ ಪತ್ರದಲ್ಲಿ ಕ್ಯಾಟರಿಕ್ ಎಂಬಲ್ಲಿ ಚರ್ಮಗಳು ಬಿದ್ದಿರುವುದನ್ನೂ, ರಸ್ತೆ ಕೆಟ್ಟಿರುವಾಗ ಎಳೆಯುವ ಪ್ರಾಣಿಗಳಿಗೆ ನೋವುಂಟುಮಾಡಲು ಇಷ್ಟವಿಲ್ಲದೆ ಅವನ್ನು ತರಲು ಹೋಗದಿರುವುದನ್ನೂ ಹೇಳಲಾಗಿದೆ. ಮತ್ತೊಂದು ಪತ್ರದಲ್ಲಿ ಕಾಲುಚೀಲಗಳು, ಎರಡು ಜೊತೆ ಚಪ್ಪಲಿ, ಎರಡು ಒಳ ಉಡುಪು ಕಳುಹಿಸಿದ ಒಕ್ಕಣೆಯಿದೆ. ಚರ್ಮದ ಸಾಗಣೆ, ಪಾದರಕ್ಷೆ ತಯಾರಕರ ದುಡಿಮೆ, ಮನೆಯಿಂದ ಬಂದ ಕಟ್ಟು ಇವೆಲ್ಲವೂ ಸೇರಿ ಒಂದು ಕೋಟೆಯು ನಡೆಯುವ ಸ್ಥಿತಿಯಲ್ಲಿರುತ್ತಿತ್ತು.

ನೆಲದಡಿಯಲ್ಲಿ ಉಳಿದದ್ದು

ಚರ್ಮವು ಸಾಮಾನ್ಯವಾಗಿ ನೆಲದಲ್ಲಿ ಕೊಳೆಯುತ್ತದೆ. ನೀರು ನಿಂತು ಗಾಳಿ ಸುಳಿಯದ ಮಣ್ಣಿನಲ್ಲಿ, ಇಲ್ಲವೇ ಮರುಭೂಮಿಯ ಒಣ ಮರಳಿನಲ್ಲಿ ಮಾತ್ರ ಅದು ಉಳಿಯುತ್ತದೆ. ಜರ್ಮನಿಯ ಮೈಂಟ್ಸ್, ಸ್ವಿಟ್ಸರ್ಲೆಂಡಿನ ವಿಂಡೊನಿಸ್ಸ, ನೆದರ್ಲೆಂಡ್ಸಿನ ವಾಲ್ಕೆನ್‌ಬರ್ಗ್ ಮೊದಲಾದ ಕಡೆ ದೊರೆತ ಒಂದನೆಯ ಶತಮಾನದ ಅವಶೇಷಗಳಿಂದಲೇ ತೆರೆದ ಕಲಿಗದ ರಚನೆ ತಿಳಿದುಬಂದಿದೆ. ಜರ್ಮನಿಯ ಸಾಲ್‌ಬುರ್ಗ್ ಕೋಟೆಯ ಬಾವಿಗಳಲ್ಲಿ ನಂತರದ ಕಾಲದ ಪಾದರಕ್ಷೆಗಳು ದೊರೆತವು. ವಿಂಡೊಲಾಂಡದಲ್ಲಿ ಇದುವರೆಗೆ ದೊರೆತವುಗಳ ಸಂಖ್ಯೆ ಐದು ಸಾವಿರವನ್ನು ಮೀರಿದೆ; 2016ರ ಒಂದೇ ಉತ್ಖನನ ಋತುವಿನಲ್ಲಿ 421 ಪಾದರಕ್ಷೆಗಳು ಹೊರಬಂದವು. ಅಲ್ಲಿನ ಚರ್ಮಾವಶೇಷಗಳನ್ನು ಅಧ್ಯಯನ ಮಾಡಿದ ವಿದ್ವಾಂಸೆ ಕ್ಯಾರಲ್ ವಾನ್ ಡ್ರೀಲ್-ಮರ್ರಿ ಅವರು ಹೆಂಗಸರ ಮತ್ತು ಮಕ್ಕಳ ಪಾದರಕ್ಷೆಗಳನ್ನು ಗುರುತಿಸಿ, ರೋಮನ್ ಕೋಟೆಯೊಳಗೆ ಗಂಡಸರಷ್ಟೇ ಇದ್ದರೆಂಬ ಹಳೆಯ ನಂಬಿಕೆಯನ್ನು ಪ್ರಶ್ನಿಸಿದರು. ಪಾದರಕ್ಷೆಯು ಸೈನ್ಯದ ಸಾಮಾಜಿಕ ಚರಿತ್ರೆಯನ್ನೇ ತಿದ್ದಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ಈ ಅವಶೇಷಗಳಿಗೂ ತಮ್ಮದೇ ಆದ ಪಕ್ಷಪಾತಗಳಿವೆ. ನೀರು ನಿಂತ ಮಣ್ಣಿನಲ್ಲಿ ಉಳಿಯುವುದು ಮರದ ತೊಗಟೆ ಮುಂತಾದ ಸಸ್ಯಮೂಲದ ಒಗರಿನಿಂದ ಹದಮಾಡಿದ ಚರ್ಮ ಮಾತ್ರ. ಎಣ್ಣೆಯಿಂದಲೋ ಪಟಿಕದಿಂದಲೋ ಹದಮಾಡಿದ ಚರ್ಮ ಕರಗಿಹೋಗುತ್ತದೆ. ನಾರಿನ ಹೊಲಿಗೆದಾರವೂ ಸಾಮಾನ್ಯವಾಗಿ ನಾಶವಾಗಿ ಹೊಲಿಗೆಯ ರಂಧ್ರಗಳಷ್ಟೇ ಉಳಿಯುತ್ತವೆ. ನೀರು ಬಸಿದುಹೋಗುವ ಮಣ್ಣಿನಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ: ಚರ್ಮ ಮಾಯವಾಗಿ ತುಕ್ಕು ಹಿಡಿದ ಮೊಳೆಗಳು ಅಟ್ಟೆಯ ಆಕಾರದಲ್ಲಿಯೇ ಬಿದ್ದಿರುತ್ತವೆ. ಸಮಾಧಿಗಳಲ್ಲಿ ಮೃತನೊಡನೆ ಪಾದರಕ್ಷೆಯನ್ನು ಇಟ್ಟಿದ್ದರೆಂಬುದು ಎಷ್ಟೋ ಕಡೆ ಈ ಮೊಳೆಗಳ ವಿನ್ಯಾಸದಿಂದಲೇ ತಿಳಿಯುತ್ತದೆ. ಕ್ರಿ.ಪೂ. 52ರಲ್ಲಿ ಜೂಲಿಯಸ್ ಸೀಸರ್ ಮುತ್ತಿಗೆ ಹಾಕಿದ ಅಲೇಸಿಯದಲ್ಲಿ ದೊರೆತ ಮೊಳೆಗಳ ತಲೆಯ ಒಳಬದಿಯಲ್ಲಿ ಶಿಲುಬೆ ಮತ್ತು ಚುಕ್ಕಿಗಳ ಉಬ್ಬು ಗುರುತುಗಳಿವೆ. ಇಂತಹ ಮೊಳೆಗಳು ಕಂಡುಬಂದಲ್ಲಿ ಗಣರಾಜ್ಯದ ಅಂತ್ಯಕಾಲದ ಸೈನ್ಯವು ಹಾದುಹೋದ ಮಾರ್ಗವನ್ನು ಗುರುತಿಸಲು ಸಾಧ್ಯವಾಗಿದೆ.

ಪ್ರತಿಕೃತಿಯ ಆಕರ

ಪ್ರತಿಕೃತಿಗಳ ಇತಿಹಾಸದಲ್ಲಿ ಮೂರು ಪ್ರಯತ್ನಗಳನ್ನು ಮುಖ್ಯವಾಗಿ ಹೆಸರಿಸಬೇಕು. 1972ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಅರ್ಮಿನ್ ಸ್ಟ್ರೀಟ್ ಗಾರ್ಡ್ ಎಂಬ ಸಂಘವು ಒಂದನೆಯ ಶತಮಾನದ ಸೈನಿಕ ಸಾಮಗ್ರಿಗಳನ್ನು ವಿದ್ವಾಂಸರ ನೆರವಿನೊಡನೆ ಪುನರ್ರಚಿಸತೊಡಗಿತು. ಚಿತ್ರಕಾರರೂ ಸಂಶೋಧಕರೂ ಆಗಿದ್ದ ಪೀಟರ್ ಕಾನೊಲಿ ಅವರು ತಾವು ಚಿತ್ರಿಸುವ ಸಾಮಗ್ರಿಯನ್ನು ಸ್ವತಃ ತಯಾರಿಸಿ ಪರೀಕ್ಷಿಸುವ ಪದ್ಧತಿಯನ್ನು ಅನುಸರಿಸಿದರು. ಜರ್ಮನಿಯ ಇತಿಹಾಸಕಾರ ಮಾರ್ಕುಸ್ ಯುಂಕೆಲ್‌ಮನ್ 1985ರಲ್ಲಿ ಸಂಗಡಿಗರೊಡನೆ ರೋಮನ್ ಸೈನಿಕರ ಉಡುಪು, ಹೊರೆ, ಪಾದರಕ್ಷೆಗಳೊಡನೆ ಇಟಲಿಯ ವೆರೋನದಿಂದ ಆಲ್ಪ್ಸ್ ಪರ್ವತವನ್ನು ದಾಟಿ ಜರ್ಮನಿಯ ಔಗ್ಸ್‌ಬುರ್ಗ್‌ವರೆಗೆ ನಡೆದು, ಮರುವರ್ಷ ಆ ಅನುಭವವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಪ್ರದರ್ಶನದ ಬೊಂಬೆಗೆ ತೊಡಿಸುವ ಪ್ರತಿಕೃತಿಯು ನೂರಾರು ಕಿ.ಮೀ. ನಡೆಯಬೇಕಾದ ಪ್ರತಿಕೃತಿಯಾಗಿ ಮಾರ್ಪಟ್ಟದ್ದು ಇಂತಹ ಪ್ರಯತ್ನಗಳಿಂದ.

ಪ್ರತಿಕೃತಿಯನ್ನು ಪಡೆಯಲು ಬಯಸುವ ವಸ್ತುಸಂಗ್ರಹಾಲಯವಾಗಲಿ ಅಧ್ಯಯನ ತಂಡವಾಗಲಿ ಮೂರು ಆಕರಗಳನ್ನು ವಿಚಾರಿಸಬೇಕಾಗುತ್ತದೆ. ಮೊದಲನೆಯದು ನಮೂನೆ. ಯಾವ ಸ್ಥಳದಲ್ಲಿ, ಯಾವ ಕಾಲದ ಪದರದಲ್ಲಿ ದೊರೆತ ಅವಶೇಷದ ಅಳತೆಯನ್ನು ಅನುಸರಿಸಲಾಗಿದೆ ಎಂಬುದು ತಿಳಿದಿರಬೇಕು. ಉತ್ಖನನದಲ್ಲಿ ದೊರೆತ ಚರ್ಮವು ಸಂರಕ್ಷಣೆಯ ವೇಳೆ ಕುಗ್ಗುವುದರಿಂದ ಅಳತೆಯನ್ನು ಯಾವ ಹಂತದಲ್ಲಿ ತೆಗೆದುಕೊಳ್ಳಲಾಯಿತೆಂಬುದೂ ಮುಖ್ಯ. ಅನೇಕ ಪ್ರತಿಕೃತಿಗಳು ಅವಶೇಷವನ್ನು ನೋಡಿ ಮಾಡಿದವಲ್ಲ. ಹಿಂದಿನ ಪ್ರತಿಕೃತಿಯನ್ನು ನೋಡಿ ಮಾಡಿದವು. ಹಸ್ತಪ್ರತಿಗಳ ಪಾಠಸಂಪಾದನೆಯಲ್ಲಿ ಲಿಪಿಕಾರನ ತಪ್ಪು ಪ್ರತಿಯಿಂದ ಪ್ರತಿಗೆ ಇಳಿದುಬರುವಂತೆ, ಇಲ್ಲಿಯೂ ಮೊದಲ ತಯಾರಕನ ಊಹೆಯು ಮುಂದಿನವರಿಗೆ ಪ್ರಮಾಣವಾಗಿಬಿಡುತ್ತದೆ.

ಎರಡನೆಯದು ಚರ್ಮ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಕ್ರೋಮಿಯಂ ಲವಣಗಳಿಂದ ಹದಮಾಡುವ ವಿಧಾನ ಹರಡಿ, ಇಂದು ಮಾರುಕಟ್ಟೆಯಲ್ಲಿ ಸಿಗುವ ಚರ್ಮದ ಹೆಚ್ಚು ಪಾಲು ಅದೇ ಆಗಿದೆ. ಅದು ಮೃದು, ನೀರಿಗೆ ಬೇಗ ಹಾಳಾಗದು, ಅಗ್ಗ. ಆದರೆ ಸಸ್ಯಮೂಲದ ಒಗರಿನಿಂದ ಹದಗೊಂಡ ಚರ್ಮದಂತೆ ಅದು ಒದ್ದೆಯಾದಾಗ ಪಾದದ ಆಕಾರವನ್ನು ತಾಳಿ, ಒಣಗಿದ ಮೇಲೆ ಅದನ್ನೇ ಉಳಿಸಿಕೊಳ್ಳುವುದಿಲ್ಲ. ಕ್ರೋಮ್ ಚರ್ಮದ ಕಲಿಗವನ್ನು ತೊಟ್ಟು ನಡೆದು, ರೋಮನ್ ಪಾದರಕ್ಷೆ ಹೀಗೆ ಹಿಗ್ಗುತ್ತಿತ್ತು, ಹೀಗೆ ಬಾಳುತ್ತಿತ್ತು ಎಂದು ತೀರ್ಮಾನಿಸಿದರೆ ಅದು ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರವನ್ನು ಒಂದನೆಯ ಶತಮಾನಕ್ಕೆ ಆರೋಪಿಸಿದಂತೆ.

ಈ ಸಂದರ್ಭದಲ್ಲಿ ಭಾರತದ ಪ್ರಸ್ತಾಪ ಅಪ್ರಸ್ತುತವಾಗದು. ಯುರೋಪ್ ಮತ್ತು ಅಮೆರಿಕಗಳಲ್ಲಿ ಮಾರಾಟವಾಗುವ ರೋಮನ್ ಕವಚ, ಶಿರಸ್ತ್ರಾಣ, ಪಾದರಕ್ಷೆಗಳ ಪ್ರತಿಕೃತಿಗಳಲ್ಲಿ ಗಣನೀಯ ಭಾಗವು ಮೀರತ್, ದೆಹರಾದೂನ್ ನಗರಗಳ ಕಾರ್ಯಾಗಾರಗಳಿಂದ ರಫ್ತಾಗುತ್ತದೆ. ಸಸ್ಯಮೂಲದ ಹದಗಾರಿಕೆಯಂತೂ ಕನ್ನಡ ನಾಡಿಗೆ ಹೊಸದಲ್ಲ. ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ ಹದಮಾಡಿದ ಚರ್ಮದಲ್ಲಿ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಸಾಂಪ್ರದಾಯಿಕ ಕೊಲ್ಹಾಪುರಿಯಲ್ಲಿ ಅಟ್ಟೆಯ ಪದರಗಳನ್ನು ಕಬ್ಬಿಣದ ಮೊಳೆಯಿಂದಲ್ಲ, ಚರ್ಮದ ಎಳೆಯಿಂದಲೇ ಹೊಲಿದು ಕೂಡಿಸುತ್ತಾರೆ. ರೋಮನ್ ಕಲಿಗಕ್ಕೂ ಇದಕ್ಕೂ ಚಾರಿತ್ರಿಕ ಸಂಬಂಧವಿಲ್ಲ. ಆದರೆ ತೊಗಟೆಯ ಒಗರಿನಲ್ಲಿ ಹದಗೊಂಡ ಚರ್ಮವು ನೀರು, ಎಣ್ಣೆ, ಬೆವರುಗಳಿಗೆ ಹೇಗೆ ಸ್ಪಂದಿಸುತ್ತದೆ ಎಂಬ ಅರಿವು ಗ್ರಂಥಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅಥಣಿ, ನಿಪ್ಪಾಣಿಗಳಂತಹ ಊರುಗಳ ಕುಶಲಕರ್ಮಿಗಳ ಕೈಯಲ್ಲಿದೆ ಎಂಬುದು ಇಂತಹ ಅಧ್ಯಯನಗಳಿಗೆ ಉಪಯುಕ್ತವಾದ ಸಂಗತಿ.

ಮೂರನೆಯ ಆಕರ ಮೊಳೆ. ರೋಮನ್ ಅಟ್ಟೆಮೊಳೆಯು ಕಮ್ಮಾರನು ಬಡಿದು ಮಾಡಿದ ಮೆದು ಕಬ್ಬಿಣದ್ದು. ಅದರ ತುದಿ ಮುರಿಯದೆ ಮಡಿಯುತ್ತಿತ್ತು, ತಲೆ ಸವೆಯುತ್ತಿತ್ತು. ಯಂತ್ರದಲ್ಲಿ ತಯಾರಾದ ಗಟ್ಟಿ ಉಕ್ಕಿನ ಮೊಳೆಯು ನಿಧಾನವಾಗಿ ಸವೆಯುವುದಲ್ಲದೆ ಸುಲಭವಾಗಿ ಮಡಿಯುವುದಿಲ್ಲ. ಮೊಳೆಗಳನ್ನು ಬಡಿಯುವ ವಿನ್ಯಾಸವೂ ಗಮನಾರ್ಹವಾದುದು. ಪಾದದ ಭಾರ ಹೆಚ್ಚಾಗಿ ಬೀಳುವ ಹಿಮ್ಮಡಿ, ಮುಂಗಾಲು, ಹೆಬ್ಬೆರಳ ಕೆಳಭಾಗಗಳಲ್ಲಿ ಅವು ದಟ್ಟವಾಗಿಯೂ ಪಾದದ ನಡುಭಾಗದಲ್ಲಿ ವಿರಳವಾಗಿಯೂ ಇರುತ್ತಿದ್ದವು. ಅಲಂಕಾರದಂತೆ ಕಾಣುವ ಈ ವಿನ್ಯಾಸದ ಹಿಂದೆ ಅನುಭವದಿಂದ ಬಂದ ಜ್ಞಾನವಿತ್ತು.

ಆರೈಕೆ

ಪ್ರತಿಕೃತಿ ಕೈಸೇರಿದ ಮೇಲೆ ಅದನ್ನು ಕಾಪಾಡುವ ಕೆಲಸದಲ್ಲಿಯೇ ಪ್ರಾಚೀನ ಸೈನಿಕನ ದಿನಚರಿ ತೆರೆದುಕೊಳ್ಳುತ್ತದೆ. ಹೊಸ ಕಲಿಗವನ್ನು ನೀರಿನಲ್ಲಿ ನೆನೆಸಿ, ತೊಟ್ಟು, ಕಾಲಿನ ಮೇಲೆಯೇ ಒಣಗಿಸುವ ರೂಢಿಯಿದೆ. ಪಟ್ಟಿಗಳು ತೊಟ್ಟವನ ಪಾದಕ್ಕೆ ಹೊಂದಿಕೊಳ್ಳುವುದರಿಂದ ಅದು ಆ ಬಳಿಕ ಇನ್ನೊಬ್ಬನಿಗೆ ಸುಲಭವಾಗಿ ಒಗ್ಗುವುದಿಲ್ಲ. ಮಳೆಯಲ್ಲಿ ನೆನೆದ ಪಾದರಕ್ಷೆಯನ್ನು ಬೆಂಕಿಯ ಬಳಿಯಾಗಲಿ ಬಿಸಿಲಿನಲ್ಲಾಗಲಿ ಒಣಗಿಸಿದರೆ ಚರ್ಮ ಕುಗ್ಗಿ ಬಿರಿಯುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ನಿಧಾನವಾಗಿ ಒಣಗಬೇಕು. ಒಣಗುವಾಗ ಚರ್ಮದೊಳಗಿನ ಜಿಡ್ಡು ಕಡಿಮೆಯಾಗುವುದರಿಂದ ಪ್ರಾಣಿಜನ್ಯ ಕೊಬ್ಬನ್ನೋ ಎಣ್ಣೆಯನ್ನೋ ಜೇನುಮೇಣದೊಡನೆ ಹಿತಮಿತವಾಗಿ ಸವರುತ್ತಾರೆ. ಅತಿಯಾದರೆ ಪಟ್ಟಿಗಳು ಜೋಲುತ್ತವೆ, ಹೊಲಿಗೆಯ ರಂಧ್ರಗಳು ಅಗಲವಾಗುತ್ತವೆ, ಮೊಳೆಯ ಹಿಡಿತ ಸಡಿಲಗೊಳ್ಳುತ್ತದೆ.

ಅಟ್ಟೆಯ ಆರೈಕೆ ಇನ್ನೂ ಸೂಕ್ಷ್ಮವಾದುದು. ಪ್ರತಿ ನಡಿಗೆಯ ಕೊನೆಯಲ್ಲಿ ಮೊಳೆಗಳನ್ನು ಬೆರಳಿನಿಂದ ತಡವಿ ನೋಡಬೇಕು. ಸಡಿಲಗೊಂಡದ್ದನ್ನು ಮತ್ತೆ ಬಡಿದು ತುದಿ ಮಡಿಸಬೇಕು. ಉದುರಿದ್ದರೆ ಹೊಸದನ್ನು ಹಾಕಬೇಕು. ಒಂದು ಮೊಳೆ ಉದುರಿದಾಗ ಅದರ ಭಾರ ಪಕ್ಕದ ಮೊಳೆಗಳ ಮೇಲೆ ಬೀಳುವುದರಿಂದ ಉಪೇಕ್ಷಿಸಿದಷ್ಟೂ ನಷ್ಟ ಹೆಚ್ಚುತ್ತದೆ. ಮೊಳೆಯ ಬಾಗಿದ ತುದಿ ಒಳಪದರವನ್ನು ದಾಟಿ ಮೇಲೆದ್ದರೆ ಅಂಗಾಲಿಗೆ ಗಾಯವಾಗುತ್ತದೆ. ಇನ್ನೊಂದು ತೊಡಕು ರಾಸಾಯನಿಕವಾದುದು. ಸಸ್ಯಮೂಲದ ಒಗರು ತೇವದಲ್ಲಿ ಕಬ್ಬಿಣದೊಡನೆ ಸೇರಿದಾಗ ಕಪ್ಪುಬಣ್ಣದ ಸಂಯುಕ್ತ ಉಂಟಾಗುತ್ತದೆ. ಕಬ್ಬಿಣ ಮತ್ತು ಒಗರುಕಾಯಿಗಳಿಂದ ಹಿಂದೆ ಶಾಯಿ ತಯಾರಿಸುತ್ತಿದ್ದುದೂ ಇದೇ ತತ್ತ್ವದಿಂದ. ಮೊಳೆಯ ಸುತ್ತಲಿನ ಚರ್ಮ ಮೊದಲು ಕಪ್ಪಾಗಿ, ಕ್ರಮೇಣ ಪೆಡಸಾಗಿ, ಕೊನೆಗೆ ಪುಡಿಯಾಗತೊಡಗುತ್ತದೆ. ಪಾದರಕ್ಷೆಯನ್ನು ಗಟ್ಟಿಗೊಳಿಸುವ ಮೊಳೆಯೇ ತೇವದ ನೆರವಿನಿಂದ ಅದನ್ನು ಒಳಗಿನಿಂದ ತಿನ್ನುತ್ತದೆ. ಆದ್ದರಿಂದ ಪ್ರತಿಕೃತಿಗಳನ್ನು ಒದ್ದೆಯಾಗಿ ಮುಚ್ಚಿಡಬಾರದು. ತುಕ್ಕನ್ನು ಬ್ರಷ್ಷಿನಿಂದ ತೆಗೆದು ಮೊಳೆಗಳಿಗೆ ತೆಳುವಾಗಿ ಮೇಣ ಸವರಿ, ಬೂಷ್ಟು ಹಿಡಿಯದಂತೆ ಗಾಳಿಯಾಡುವ ಕಡೆ ಇಡಬೇಕು.

ಈ ವಿವರಗಳನ್ನು ಹಿಂದೆ ಹೇಳಿದ ಲೆಕ್ಕಪತ್ರಗಳೊಡನೆ ಓದಿದಾಗ ಅವುಗಳ ಚಾರಿತ್ರಿಕ ಮಹತ್ವ ಸ್ಪಷ್ಟವಾಗುತ್ತದೆ. ವೇತನದಿಂದ ವರ್ಷಕ್ಕೆ ಮೂರು ಬಾರಿ ಪಾದರಕ್ಷೆಯ ಹಣ ಏಕೆ ಕಡಿತವಾಗುತ್ತಿತ್ತು, ಬಾರುಗಳಿಗೆ ಬೇರೆ ಲೆಕ್ಕ ಏಕೆ, ‘ಮೊಳೆ ಹಣ’ ಎಂಬ ಹೆಸರು ಸೈನಿಕರ ಬಾಯಲ್ಲಿ ಏಕೆ ಬಂದಿತು, ಕೋಟೆಯೊಂದರಲ್ಲಿ ಒಂದೇ ದಿನ 12 ಮಂದಿ ಪಾದರಕ್ಷೆಯ ಕೆಲಸಕ್ಕೆ ಏಕೆ ಬೇಕಾಗಿದ್ದರು ಎಂಬ ಪ್ರಶ್ನೆಗಳಿಗೆ ಸವೆದ ಪ್ರತಿಕೃತಿಯ ಅಟ್ಟೆಯು ಉತ್ತರವನ್ನು ಸೂಚಿಸುತ್ತದೆ. ದಂಡಯಾತ್ರೆಯ ವೇಗವನ್ನು ನಿರ್ಧರಿಸಿದವರಲ್ಲಿ ದಂಡನಾಯಕನೊಡನೆ ಚರ್ಮ ಹದಮಾಡುವವನೂ ಚಮ್ಮಾರನೂ ಕಮ್ಮಾರನೂ ಸೇರಿದ್ದರು.

ಪ್ರತಿಕೃತಿಯ ಮಿತಿಗಳು

ಆದರೆ ಪ್ರತಿಕೃತಿಯ ಸಾಕ್ಷ್ಯಕ್ಕೂ ಮೇರೆಗಳಿವೆ. ಇಂದಿನ ನಡಿಗೆದಾರರು ಬಹುಪಾಲು ಡಾಂಬರು ಮತ್ತು ಕಾಂಕ್ರೀಟು ರಸ್ತೆಗಳ ಮೇಲೆ ನಡೆಯಬೇಕಾಗುತ್ತದೆ. ಅಲ್ಲಿ ಮೊಳೆ ಸವೆಯುವ ಗತಿಯು ಮಣ್ಣು ಮತ್ತು ಜಲ್ಲಿಯ ದಾರಿಯ ಗತಿಗೆ ಸಮನಲ್ಲ. ಬಾಲ್ಯದಿಂದ ಮೆತ್ತನೆಯ ಬೂಟುಗಳಿಗೆ ಒಗ್ಗಿದ ಪಾದಕ್ಕೂ ವರ್ಷಗಟ್ಟಲೆ ಕಲಿಗದಲ್ಲಿಯೇ ನಡೆದ ಪಾದಕ್ಕೂ ವ್ಯತ್ಯಾಸವಿದೆ. ಬೊಕ್ಕೆ ಎದ್ದ ಮಾತ್ರಕ್ಕೆ ರೋಮನ್ ಪಾದರಕ್ಷೆ ಕೆಟ್ಟದ್ದೆಂದಾಗಲಿ, ನೋವಿಲ್ಲದೆ ನಡೆದ ಮಾತ್ರಕ್ಕೆ ಅದು ಅತ್ಯುತ್ತಮವೆಂದಾಗಲಿ ನಿರ್ಣಯಿಸಲು ಬರುವುದಿಲ್ಲ.

ಕೆಲವು ವಿಷಯಗಳಲ್ಲಿ ಮಾತ್ರ ಪ್ರತಿಕೃತಿಯ ತೀರ್ಪು ನಿಸ್ಸಂದಿಗ್ಧವಾಗಿದೆ. ನುಣುಪಾದ ಕಲ್ಲಿನ ನೆಲದ ಮೇಲೆ ಮೊಳೆಯಟ್ಟೆ ಜಾರುತ್ತದೆಂಬುದು ಅದನ್ನು ತೊಟ್ಟವರೆಲ್ಲರ ಅನುಭವ. ವಸ್ತುಸಂಗ್ರಹಾಲಯಗಳ ಅಮೃತಶಿಲೆಯ ನೆಲದ ಮೇಲೆ ನಡೆಯುವಾಗ ಅವರು ವಹಿಸುವ ಎಚ್ಚರಿಕೆಯು ಜೋಸೆಫಸ್ ಬರೆದ ಶತಾಧಿಪತಿಯ ಸಾವಿಗೆ ವ್ಯಾಖ್ಯಾನದಂತಿದೆ. ಜನಜಂಗುಳಿಯ ಬೀದಿಯಲ್ಲಿ ಸೈನಿಕನ ಮೊಳೆ ಕಾಲ್ಬೆರಳಿಗೆ ನಾಟುವುದನ್ನು ರೋಮಿನ ವಿಡಂಬನಕವಿ ಜುವೆನಲ್ ತನ್ನ ಮೂರನೆಯ ಕಾವ್ಯದಲ್ಲಿ ದೂರಿರುವುದೂ ಅತಿಶಯೋಕ್ತಿಯಾಗಿ ಉಳಿಯುವುದಿಲ್ಲ. ಇಂತಹ ಕಡೆ ಪ್ರತಿಕೃತಿಯು ಗ್ರಂಥದ ಮಾತನ್ನು ಪರೀಕ್ಷಿಸಿ ದೃಢಪಡಿಸುತ್ತದೆ.

ಹೀಗಾಗಿ ಪ್ರತಿಕೃತಿಯೊಡನೆ ಅದರ ದಾಖಲೆಯೂ ಇರಬೇಕಾದುದು ಅನಿವಾರ್ಯ. ನಮೂನೆಯ ಮೂಲ, ಚರ್ಮದ ಹದ, ಮೊಳೆಯ ಲೋಹ, ಊಹೆಯಿಂದ ತುಂಬಿದ ಭಾಗಗಳು, ನಡೆದ ದೂರ, ನೆಲದ ಸ್ವರೂಪ, ಬದಲಿಸಿದ ಮೊಳೆಗಳ ಲೆಕ್ಕ ಇವೆಲ್ಲವನ್ನೂ ಬರೆದಿಡದಿದ್ದರೆ ಆ ಪಾದರಕ್ಷೆಯು ವೇಷಭೂಷಣವಾಗಬಹುದೇ ಹೊರತು ಆಕರವಾಗಲಾರದು. ದುರಸ್ತಿಯನ್ನು ಮರೆಮಾಚಿ ಹೊಸದರಂತೆ ಕಾಣಿಸುವ ಆರೈಕೆಗಿಂತ, ದುರಸ್ತಿಯನ್ನು ಗುರುತಿಸಿ ದಾಖಲಿಸುವ ಆರೈಕೆಯೇ ಸಂಶೋಧನೆಗೆ ಹೆಚ್ಚು ನೆರವಾಗುತ್ತದೆ.

ಸಮಾರೋಪ

ಈ ಶಿಸ್ತಿನ ಅಗತ್ಯ ಇಂದು ಇನ್ನಷ್ಟು ಹೆಚ್ಚಿದೆ. ಎರಡು ಸಾವಿರ ವರ್ಷಗಳ ಕಾಲ ಚರ್ಮವನ್ನು ಕಾಪಾಡಿದ ತೇವದ ಮಣ್ಣು ಹವಾಮಾನದ ಬದಲಾವಣೆಯಿಂದ ಒಣಗತೊಡಗಿದೆ. ಮಣ್ಣಿನೊಳಗೆ ಗಾಳಿ ಸೇರಿದೊಡನೆ ಚರ್ಮವು ನಾಶವಾಗಲಾರಂಭಿಸುತ್ತದೆ. ಬ್ರಿಟನ್ನಿನ ಹೇಡ್ರಿಯನ್ ಗೋಡೆಯ ಸಮೀಪದ ಮ್ಯಾಗ್ನ ಕೋಟೆಯಲ್ಲಿ ಉತ್ಖನನ ಕೈಗೊಂಡುದರ ಹಿಂದೆ ಈ ಆತಂಕವೂ ಇದೆ. 2025ರಲ್ಲಿ ಆ ಕೋಟೆಯ ಕಂದಕದಿಂದ ದೊರೆತ ಪಾದರಕ್ಷೆಗಳಲ್ಲಿ ಹಲವು 30 ಸೆಂ.ಮೀ.ಗಿಂತ ಉದ್ದವಾಗಿದ್ದು, ಅತ್ಯಂತ ದೊಡ್ಡದು 32.6 ಸೆಂ.ಮೀ. ಇತ್ತು. ರೋಮನ್ ಸೈನಿಕರೆಲ್ಲರೂ ಕುಳ್ಳರೆಂಬ ಸರಳ ಕಲ್ಪನೆಯನ್ನು ಒಂದು ಕಂದಕದ ಚರ್ಮವೇ ಪ್ರಶ್ನಿಸಿತು. ಇನ್ನೂ ನೆಲದಲ್ಲಿಯೇ ಇದ್ದು ಒಣಗುತ್ತಿರುವ ಇಂತಹ ಸಾಕ್ಷ್ಯಗಳು ಹೊರಬರುವ ಮುನ್ನವೇ ಇಲ್ಲವಾಗಬಹುದು.

ಮೂಲವು ನಶಿಸಿದ ಮೇಲೆ ಉಳಿಯುವುದು ಅದರ ಅಳತೆ, ಚಿತ್ರ ಮತ್ತು ಪ್ರತಿಕೃತಿ. ಆಗ ಪ್ರತಿಕೃತಿಯು ಮೂಲದ ನೆರಳಾಗಿ ಅಷ್ಟೇ ಅಲ್ಲದೆ ಮೂಲದ ಪರವಾಗಿ ನುಡಿಯುವ ಸಾಕ್ಷಿಯಾಗಿ ನಿಲ್ಲಬೇಕಾಗುತ್ತದೆ. ಆ ಸಾಕ್ಷಿ ನಂಬಲರ್ಹವಾಗಿರಬೇಕಾದರೆ ಅದರ ಆಕರ ಶುದ್ಧವಾಗಿರಬೇಕು, ಅದರ ಆರೈಕೆ ದಾಖಲಾಗಿರಬೇಕು. ತನ್ನ 50 ಡಿನೇರಿಯಸ್‌ಗಳಲ್ಲಿ 5ನ್ನು ಪಾದರಕ್ಷೆಗೂ 2ನ್ನು ಬಾರುಗಳಿಗೂ ತೆತ್ತ ಗಾಯಸ್ ಮೆಸ್ಸಿಯಸ್‌ನಿಗೆ ಅವುಗಳ ಬೆಲೆ ತಿಳಿದಿತ್ತು. ಆ ಬೆಲೆಯ ಅರ್ಥವನ್ನು ತಿಳಿಯಲು ಇಂದಿನ ಸಂಶೋಧಕರಿಗಿರುವ ದಾರಿಗಳಲ್ಲಿ, ಚರ್ಮಕ್ಕೆ ಎಣ್ಣೆ ಸವರುತ್ತಾ, ಉದುರಿದ ಮೊಳೆಗಳನ್ನು ಎಣಿಸುತ್ತಾ ನಡೆಯುವ ಈ ದಾರಿಯೂ ಒಂದು.